ಡ್ಯಾನ್‌ವಿಲ್‌ನಲ್ಲಿ ಮಗನ ಮನೆ, ಗಲ್ಫ್‌ನಿಂದ ಅಪ್ಪನ ದುಡ್ಡು: ಬ್ರೋಕರ್ ಹಿಡಿಯುವ ಮುಂಚೆ

ಗಲ್ಫ್‌ನಲ್ಲಿ ದುಡಿದ ಅಪ್ಪಂದಿರ ಉಳಿತಾಯ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಮುಂಗಡವಾಗಿ ಹೋಗುವುದುಂಟು. ಸ್ಯಾನ್ ಫ್ರಾನ್ಸಿಸ್ಕೊದ ಪೂರ್ವಕ್ಕಿರುವ ಡ್ಯಾನ್‌ವಿಲ್ ಚಿಕ್ಕ ಊರು; ಮನೆ ಬೆಲೆ ಮಾತ್ರ ಚಿಕ್ಕದಲ್ಲ. ಅಲ್ಲಿ ಫ್ಯಾನಿ ಮೇ ಒಪ್ಪುವ ಸಾಲದ ಮಿತಿ 2025ರಲ್ಲಿ 12,09,750 ಡಾಲರ್. ಅದು ದಾಟಿದರೆ ‘ಜಂಬೊ’ ಸಾಲ, ಬ್ಯಾಂಕಿಗೊಂದು ನಿಯಮ. ಉಡುಗೊರೆ ಹಣ ಎಷ್ಟು ನಡೆಯುತ್ತೆ ಅನ್ನೋದೂ ಹಾಗೇ. ಸ್ಥಳೀಯ ಬ್ರೋಕರ್ ಬೇಕಾಗುವುದು ಇಲ್ಲೇ.

ಪರಿಚಯ ಮಾಡಿಸಿದವರು ನಮ್ಮೂರಿನವರೇ ಆಗಿರಲಿ, ಬ್ರೋಕರ್‌ನ ಎನ್‌ಎಂಎಲ್‌ಎಸ್ ನಂಬರ್ ಕೇಳಿ. ಎನ್‌ಎಂಎಲ್‌ಎಸ್ ಕನ್ಸ್ಯೂಮರ್ ಆಕ್ಸೆಸ್ ತಾಣದಲ್ಲಿ ಅದನ್ನು ಹಾಕಿದರೆ ಲೈಸೆನ್ಸ್, ಹಿಂದಿನ ಕೆಲಸ, ಶಿಸ್ತುಕ್ರಮ ಪುಕ್ಕಟೆ ಕಾಣುತ್ತವೆ. ಒಂದೇ ಸಾಲಕ್ಕೆ ಗಿರಾಕಿಯಿಂದಲೂ ಬ್ಯಾಂಕಿನಿಂದಲೂ ಕಮಿಷನ್ ಪಡೆಯುವಂತಿಲ್ಲ. ಅರ್ಜಿ ಕೊಟ್ಟ ಮೂರು ಕೆಲಸದ ದಿನಗಳೊಳಗೆ ‘ಲೋನ್ ಎಸ್ಟಿಮೇಟ್’ ಕೈಸೇರಬೇಕು. ಇಬ್ಬರು ಮೂವರಿಂದ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿ ಒಂದೇ ಇದ್ದರೂ ಖರ್ಚಿನ ಪಟ್ಟಿ ಒಂದೇ ಇರುವುದಿಲ್ಲ.

ಇನ್ನು ಹಣ ಕಳಿಸೋದು. ಹವಾಲಾ, ಗೆಳೆಯನ ಖಾತೆ ಬೇಡವೇ ಬೇಡ. ಅಪ್ಪನ ಖಾತೆಯಿಂದಲೇ ನೇರ ಹೋಗಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ‘ಇದು ಉಡುಗೊರೆ, ವಾಪಸ್ ಬೇಡ’ ಎಂಬ ಸಹಿ ಮಾಡಿದ ಪತ್ರ ಕೇಳುತ್ತಾರೆ. ವರ್ಷಕ್ಕೆ 1,00,000 ಡಾಲರ್ ಮೀರಿದರೆ ಮಗ ಅಲ್ಲಿನ ತೆರಿಗೆ ಇಲಾಖೆಗೆ ಫಾರ್ಮ್ 3520 ಕೊಡಬೇಕು. ಉಡುಗೊರೆಗೆ ಅವನು ತೆರಿಗೆ ಕಟ್ಟಬೇಕಿಲ್ಲ. ಫಾರ್ಮ್ ಮರೆತರೆ ದಂಡ ಬೀಳಬಹುದು.