ಎಂಜಿನು ಮೂಲೆ ಸೇರುವ ಮುನ್ನ



ಈರುಳ್ಳಿ ಹೊಲದಲ್ಲಿ ನೇರಳೆ ಮಚ್ಚೆ ರೋಗ ಕಾಣಿಸಿಕೊಂಡಿತು ಎನ್ನಿ. ಔಷಧಿ ತಂದಿದ್ದೀರಿ, ಆಳೂ ಬಂದಿದ್ದಾನೆ. ಹೋದ ಬೆಳೆ ಮುಗಿದಾಗ ಮೂಲೆಗಿಟ್ಟ ಪೆಟ್ರೋಲ್ ಸ್ಪ್ರೇಯರನ್ನು ಹೊರಗೆ ತಂದು ಹಗ್ಗ ಎಳೆಯುತ್ತೀರಿ. ಹತ್ತು ಸಲ ಎಳೆದರೂ ಅದು ಮಿಸುಕುವುದಿಲ್ಲ. ಬಬ್ಬೂರಿನಿಂದ ಹಿರಿಯೂರಿಗೆ ಒಯ್ದು ರಿಪೇರಿ ಮಾಡಿಸಿ ತರುವುದರೊಳಗೆ ಎರಡು ದಿನ ಕಳೆದಿರುತ್ತದೆ. ರೋಗ ಆ ಎರಡು ದಿನ ಸುಮ್ಮನೆ ಕೂರುವುದಿಲ್ಲ. ಬಿಚ್ಚಿ ನೋಡಿದರೆ ಅನೇಕ ವೇಳೆ ಮುರಿದದ್ದು ಏನೂ ಇರುವುದಿಲ್ಲ. ಕಾರ್ಬುರೇಟರಿನ ಸೂಜಿಮೊನೆಯಷ್ಟು ತೂತಿನಲ್ಲಿ ಹಳೆಯ ಪೆಟ್ರೋಲಿನ ಅಂಟು ಕಟ್ಟಿಕೊಂಡಿರುತ್ತದೆ, ಅಷ್ಟೆ.

ಪೆಟ್ರೋಲು ಇಟ್ಟಲ್ಲಿ ಇಟ್ಟಂತೆ ಇರುವ ಪದಾರ್ಥವಲ್ಲ. ಅದರ ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ; ಉಳಿದದ್ದು ಗಾಳಿಯೊಡನೆ ಸೇರಿ ಬರಬರುತ್ತ ಅಂಟಾಗುತ್ತದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಇದು ಇನ್ನೂ ಬೇಗ.

ಈಗ ಇನ್ನೊಂದು ಮಾತನ್ನೂ ತಿಳಿದಿರಬೇಕು. 2023ನೇ ಇಸವಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಎಥೆನಾಲನ್ನು ಕಬ್ಬಿನಿಂದಲೂ ಧಾನ್ಯದಿಂದಲೂ ತೆಗೆಯುವುದರಿಂದ ಬೆಳೆಗಾರರಿಗೆ ಲಾಭವುಂಟು. ಆದರೆ ಅದಕ್ಕೆ ನೀರನ್ನು ಹೀರುವ ಗುಣವಿದೆ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಗಾಳಿಯ ತೇವ ಸೇರುತ್ತ ಹೋಗಿ, ನೀರು ಮಿತಿಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯುತ್ತವೆ. ಎಂಜಿನಿಗೆ ಕೊಳವೆ ಹೋಗುವುದೂ ತಳದಿಂದಲೇ. ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನಾದರೆ ಆಯಿಲು ಮೇಲಿನ ಪೆಟ್ರೋಲಿನಲ್ಲಿ ಉಳಿದು, ಆಯಿಲಿಲ್ಲದ ತಳಭಾಗ ಮೊದಲು ಒಳಹೋಗುತ್ತದೆ. ಹಾಗೆಯೇ ಓಡಿತೆಂದರೆ ಪಿಸ್ಟನ್ ಕಚ್ಚಿಕೊಳ್ಳುವ ಭಯವಿದೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆಯೂ ಇದರಿಂದ ಉಬ್ಬಿ ಬಿರುಕು ಬಿಡಬಹುದು.

ಆದುದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲವೆಂದು ಕಂಡಾಗ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಕೂಡದು. ಎಂಜಿನು ಆರಿದ ಮೇಲೆ ಬಯಲಿನಲ್ಲಿಟ್ಟು ಟ್ಯಾಂಕನ್ನು ಪೂರ್ತಿ ಬಗ್ಗಿಸಿ ಬಸಿಯಿರಿ. ಬೀಡಿ, ಒಲೆ, ದೀಪ ಹತ್ತಿರ ಇರಬಾರದು. ಕೊಳವೆ ಕಚ್ಚಿ ಬಾಯಿಂದ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ; ಇದನ್ನು ಇಂದೇ ಬಿಡಿ. ಒಂದು ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಬಸಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದೂ ತಪ್ಪು, ಮನೆಯಲ್ಲಿ ಮಕ್ಕಳಿರುತ್ತಾರೆ. ಆಯಿಲ್ ಬೆರೆಸದ ಹೊಸ ಪೆಟ್ರೋಲಾದರೆ ಸೋಸಿ ಮೋಟಾರು ಸೈಕಲ್ಲಿಗೆ ಹಾಕಿಕೊಳ್ಳಬಹುದು.

ಟ್ಯಾಂಕು ಬರಿದಾದರೆ ಸಾಲದು. ಎಂಜಿನನ್ನು ಮತ್ತೆ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಕಾರ್ಬುರೇಟರಿನ ಬಟ್ಟಲಿನ ಅಡಿಯಲ್ಲಿ ತಿರುಪಿದ್ದರೆ, ಎಂಜಿನು ಆರಿದ ಮೇಲೆ ಅದನ್ನು ಸಡಿಲಿಸಿ ಉಳಿದ ಹನಿಗಳನ್ನೂ ಹೊರಬಿಡಿ. ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಹಾಕಿ, ಹಗ್ಗವನ್ನು ಎರಡು ಮೂರು ಸಲ ಮೆಲ್ಲನೆ ಎಳೆದು ಪ್ಲಗ್ ತೊಡಿಸಿ. ಯಂತ್ರವನ್ನು ಗೊಬ್ಬರದ ಚೀಲಗಳ ಪಕ್ಕದಲ್ಲಿ ಇಡಬೇಡಿ. ಯೂರಿಯಾ, ಪೊಟ್ಯಾಷ್ ತೇವವನ್ನು ಎಳೆದುಕೊಂಡು ಲೋಹಕ್ಕೆ ತುಕ್ಕು ಹಿಡಿಸುತ್ತವೆ.

ಡೀಸೆಲ್ ಪಂಪಿನ ರೀತಿಯೇ ಬೇರೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಹರಿಯಿತು. ಅಂಥ ಒಳ್ಳೆಯ ಮಳೆಯ ವರ್ಷದಲ್ಲಿ ಡೀಸೆಲ್ ಪಂಪನ್ನು ಯಾರೂ ನೆನೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅದೇ ಬೇಕು. ಇದರ ಟ್ಯಾಂಕನ್ನು ಬರಿದು ಮಾಡದೆ, ತಳದ ನೀರು ಮತ್ತು ಕೆಸರನ್ನು ಬಸಿದು ಬಾಯಿತನಕ ತುಂಬಿಡಬೇಕು. ಖಾಲಿ ಜಾಗ ಉಳಿದರೆ ರಾತ್ರಿಯ ತಂಪಿಗೆ ಒಳಗೋಡೆಯ ಮೇಲೆ ನೀರು ಹನಿಗಟ್ಟುತ್ತದೆ. ಪೆಟ್ರೋಲ್ ಎಂಜಿನಿನಂತೆ ಇದನ್ನು ಬರಿದಾಗುವವರೆಗೆ ಓಡಿಸಿದರೆ ಕೊಳವೆಗೆ ಗಾಳಿ ಹೊಕ್ಕು, ಮುಂದೆ ಫಿಲ್ಟರಿನ ತಿರುಪು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯುವ ಕೆಲಸ ಬೀಳುತ್ತದೆ.

ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯಿಂದ ಓಡಿಸುವ ಹಳೆಯ ಪಂಪು ಇನ್ನೂ ಇಟ್ಟುಕೊಂಡಿರುವವರು, ನಿಲ್ಲಿಸುವ ಮುನ್ನ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿರಿ. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ನಿಂತು, ತಣ್ಣಗಿನ ಎಂಜಿನು ಹೊತ್ತಿಕೊಳ್ಳದು. ಮೂಲೆಗಿಡುವಾಗಲಾದರೆ ಆ ಪೆಟ್ರೋಲನ್ನೂ ಮೇಲೆ ಹೇಳಿದಂತೆ ಬಸಿಯಿರಿ.

ಯಂತ್ರವನ್ನು ಮತ್ತೆ ಹೊರತೆಗೆಯುವುದನ್ನು ರೋಗ ಬಂದ ದಿನಕ್ಕೆ ಇಟ್ಟುಕೊಳ್ಳದೆ, ಬಿತ್ತನೆಗೆ ಒಂದು ವಾರ ಮೊದಲೇ ಮಾಡಿ. ಕೊಳವೆ ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಫಿಲ್ಟರ್ ತೊಳೆದು, ಹೊಸ ಪೆಟ್ರೋಲ್ ಹಾಕಿ ಓಡಿಸಿ ನೋಡಿ. ಟೂ-ಸ್ಟ್ರೋಕ್ ಎಂಜಿನಿಗೆ ಆಯಿಲನ್ನು ಕಣ್ಣಂದಾಜಿನಲ್ಲಿ ಸುರಿಯಬಾರದು. ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಳತೆಗೆ ಔಷಧಿ ಬಾಟಲಿಯ ಮುಚ್ಚಳ ಬೇಡ, ಬೇರೊಂದು ಅಳತೆ ಲೋಟವನ್ನು ಇಟ್ಟುಕೊಳ್ಳಿ.