ನೆಲದಾಸರೆಯ ಕೋಳಿಮನೆ

ಮಲಪ್ರಭೆಯ ದಂಡೆಯ ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿಯೂ ಬೈಲಹೊಂಗಲದ ಬಯಲಿನಲ್ಲಿಯೂ ಚೈತ್ರ ವೈಶಾಖಗಳ ಬಿಸಿಲು ಕೋಳಿಸಾಕಣೆಗೆ ದೊಡ್ಡ ಶತ್ರುವಾಗಿದೆ. ಕೋಳಿಯ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ಆರೋಗ್ಯದಿಂದಿರುವಾಗಲೇ ಅದರ ಮೈಶಾಖವು ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುವದು. ಸುತ್ತಲಿನ ಗಾಳಿಯ ಶಾಖವು 32 ಡಿಗ್ರಿ ದಾಟಿತೆಂದರೆ ಅದು ಬಾಯಿ ತೆರೆದು ತೇಕುವದು, ರೆಕ್ಕೆಗಳನ್ನು ಇಳಿಬಿಡುವದು, ಮೇವು ಕಡಿಮೆ ಮಾಡುವದು; ತತ್ತಿಗಳ ಸಂಖ್ಯೆ ತಗ್ಗಿ ಸಿಪ್ಪೆಯು ತೆಳ್ಳಗಾಗುವದು. ಕಾಯ್ದ ತಗಡಿನ ಕೆಳಗೆ ಕೂಡಿಹಾಕಿದ ಕೋಳಿಗಳು ಒಂದೇ ಮಧ್ಯಾಹ್ನದಲ್ಲಿ ಸಾಯುವದೂ ಉಂಟು. ಹೀಗಿರಲು, ನೆಲದಲ್ಲಿ ತಗ್ಗು ತೆಗೆದು ಕೋಳಿಗಳನ್ನು ಅದರೊಳಗೇ ಇಡಬಾರದೇಕೆ ಎಂಬ ವಿಚಾರವು ಒಕ್ಕಲುಮಕ್ಕಳಿಗೆ ಹೊಳೆಯುವದು ಸಹಜವೇ. ಈ ವಿಚಾರದಲ್ಲಿ ಲಾಭವೂ ಉಂಟು, ಅಪಾಯವೂ ಉಂಟು. ಎರಡನ್ನೂ ತೂಗಿ ನೋಡಿದ ನಂತರವೇ ಗುದ್ದಲಿ ಹಾಕುವದು ಒಳ್ಳೆಯದು.

ಹಗೇವು ಕಲಿಸುವ ಪಾಠ

ನೆಲದ ತಂಪು ಈ ಸೀಮೆಯ ಜನರಿಗೆ ಹೊಸದಲ್ಲ. ಹಗಲಿನ ಕಾವಾಗಲಿ ಇರುಳಿನ ಚಳಿಯಾಗಲಿ ಮಣ್ಣಿನಲ್ಲಿ ಎರಡು ಮೂರು ಅಡಿಗಳಿಗಿಂತ ಕೆಳಗೆ ಇಳಿಯುವದಿಲ್ಲ. ಜೋಳವನ್ನು ಬಹುಕಾಲ ಕೆಡದಂತೆ ಕಾಯ್ದ ಹಗೇವುಗಳೇ ನೆಲದ ಈ ಗುಣಕ್ಕೆ ಸಾಕ್ಷಿ. ಆದರೆ ಹಗೇವಿನ ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯಬಾರದೆಂಬ ಹಿರಿಯರ ಕಟ್ಟಪ್ಪಣೆಯನ್ನೂ ನೆನೆಯತಕ್ಕದ್ದು. ಕಾಳು ಉಸಿರಾಡಿ ಒಳಗಿನ ಪ್ರಾಣವಾಯುವನ್ನು ತೀರಿಸಿರುವದು. ಅದರ ಬದಲು ತುಂಬಿನಿಂತ ಕೆಟ್ಟ ಗಾಳಿಯು ಮನುಷ್ಯನನ್ನು ಕೊಲ್ಲಬಲ್ಲದು. ಗಾಳಿಯಿಲ್ಲದಿರುವದು ಕಾಳಿಗೆ ರಕ್ಷಣೆ, ಕೋಳಿಗೆ ಮರಣ.

ತೇವದ ತೊಂದರೆಯೂ ಕಡಿಮೆಯದಲ್ಲ. ತೇಕುವಾಗ ಬಾಯಿಂದ ನೀರಿನಂಶವು ಆವಿಯಾಗಿ ಹೋಗುವದರಿಂದಲೇ ಕೋಳಿಯ ಮೈ ತಣಿಯುವದು. ತೇವಗಟ್ಟಿದ ತಗ್ಗಿನಲ್ಲಿ ಆ ಆವಿಗೆ ಹೋಗಲು ಎಡೆಯಿಲ್ಲ. ಮೇಲಾಗಿ ಹಸಿ ಹಿಕ್ಕೆಯಿಂದ ಅಮೋನಿಯಾ ಎದ್ದು ಕಣ್ಣು, ಶ್ವಾಸಕೋಶಗಳು ಕೆಡುವವು. ಮರಿಗಳಿಗೆ ರಕ್ತಭೇದಿ ತಗಲುವದು. ಆದುದರಿಂದ ಮುಖ್ಯ ಸೂತ್ರವಿಷ್ಟೆ: ಕೋಳಿಯನ್ನು ನೆಲದೊಳಗೆ ಇಳಿಸದೆ, ನೆಲವನ್ನೇ ಕೋಳಿಮನೆಯ ಬೆನ್ನಿಗೆ ತರತಕ್ಕದ್ದು.

ಸ್ಥಳದ ಆಯ್ಕೆ

ಚೀನದೇಶದ ವಾಯವ್ಯ ಪ್ರಾಂತಗಳಲ್ಲಿ ಜನರು ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮನೆ ಮಾಡಿಕೊಂಡಿರುವದು ಪ್ರಸಿದ್ಧವಿದೆ. ಆ ಮಣ್ಣು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುವದು. ನಮ್ಮ ಎರೆಯ ಗುಣವು ಇದಕ್ಕೆ ವಿರುದ್ಧವಾದುದು: ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ನೂಕುವದು, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವದು. ಎರೆಯಲ್ಲಿ ತೆಗೆದ ತಗ್ಗು ಮೊದಲನೆಯ ದೊಡ್ಡ ಮಳೆಗೆ ಹೊಂಡವಾಗುವದು. ಬೈಲಹೊಂಗಲದ ಎರೆಹೊಲಗಳಲ್ಲಿ ಅಗೆಯುವ ಗೊಡವೆಗೆ ಹೋಗದೆ, ಕಟ್ಟೆಯನ್ನು ಎತ್ತರಿಸಿ, ಹೊರಗಿನಿಂದ ತಂದ ಗರಸನ್ನು ಗೋಡೆಗೆ ಒತ್ತಿ ಏರಿ ಕಟ್ಟುವದೇ ಸರಿ. ಸವದತ್ತಿ, ರಾಮದುರ್ಗಗಳ ಗುಡ್ಡದ ಇಳುಕಲಿನಲ್ಲಿ ಗರಸು ನೆಲವೂ ಕಲ್ಲೂ ದೊರೆಯುವದರಿಂದ ಅಲ್ಲಿ ಇಳುಕಲನ್ನು ಕಡಿದು ಮನೆಯನ್ನು ಕೂಡಿಸಬಹುದು. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಕಡೆಗೆ ಮಳೆ ಹೆಚ್ಚು. ಅಲ್ಲಿ ತಂಪಿಗಿಂತಲೂ ನೀರು ಹರಿದುಹೋಗುವದರ ಕಡೆಗೆ ಹೆಚ್ಚು ಲಕ್ಷ್ಯವಿರಬೇಕು.

ನೆಲವನ್ನು ಪರೀಕ್ಷಿಸುವ ಸುಲಭ ಉಪಾಯವೊಂದುಂಟು. ಮಳೆಗಾಲದಲ್ಲಿ ಆ ಸ್ಥಳದಲ್ಲಿ ಮೂರು ಅಡಿ ಆಳದ ಕುಣಿ ತೆಗೆದು ನೀರು ತುಂಬಿ ಬಿಡುವದು. ಮರುದಿನ ಮುಂಜಾನೆಯೂ ನೀರು ನಿಂತಿದ್ದರೆ ಆ ಸ್ಥಳವನ್ನು ಬಿಡುವದು.

ಅಳತೆ ಮತ್ತು ರಚನೆ

ದೊಡ್ಡ ಕೋಳಿಯೊಂದಕ್ಕೆ 2 ಚದರ ಅಡಿ ಸ್ಥಳ ಬೇಕು. ಐವತ್ತು ಕೋಳಿಗಳಿಗೆ 12 ಅಡಿ ಉದ್ದ, 9 ಅಡಿ ಅಗಲದ ಮನೆ ಸಾಕು. ಉದ್ದನೆಯ ಬದಿಯು ಪೂರ್ವಕ್ಕೆ ಮುಖಮಾಡಿರಲಿ. ಪಶ್ಚಿಮದ ಮತ್ತು ಉತ್ತರದ ಗೋಡೆಗಳಿಗೆ ಹೊರಗಿನಿಂದ 4 ಅಡಿ ಎತ್ತರದವರೆಗೆ ಮಣ್ಣಿನ ಏರಿ ಹಾಕಿದರೆ ಸಂಜೆಬಿಸಿಲೂ ಮುಂಗಾರಿನ ಇರಚಲೂ ತಡೆಯಲ್ಪಡುವವು. ಏರಿಯನ್ನು ಹೊರುವ ಗೋಡೆಯು ಬುಡದಲ್ಲಿ 2 ಅಡಿ ದಪ್ಪದ ಕಲ್ಲಿನದಾಗಿರಬೇಕು. ಅದರ ಹಿಂದೆ ಒಂದು ಅಡಿ ಅಗಲ ಒಡೆದ ಕಲ್ಲು ತುಂಬಿ, ಇಳಿದ ನೀರು ಬದಿಯ ಗಟಾರಕ್ಕೆ ಹೋಗುವಂತೆ ಮಾಡತಕ್ಕದ್ದು. ಒಳಗಿನ ನೆಲವು ಮುಂದಿನ ಅಂಗಳಕ್ಕಿಂತ ಒಂದು ಅಡಿ ಎತ್ತರವಿರಲಿ.

ಪಶ್ಚಿಮದ ಗೋಡೆ 8 ಅಡಿ, ಪೂರ್ವದ್ದು ಆರೂವರೆ ಅಡಿ ಎತ್ತರವಿದ್ದರೆ ಮಾಳಿಗೆಯ ನೀರು ಏರಿಯ ಮೇಲೆ ಬೀಳದೆ ಮುಂದಕ್ಕೆ ಹರಿಯುವದು. ಪೂರ್ವದಲ್ಲಿ ಒಂದೂವರೆ ಅಡಿ ಗೋಡೆಯ ಮೇಲೆ ಪೂರಾ ಜಾಳಿಗೆ ಇರಲಿ. ಪಶ್ಚಿಮದಲ್ಲಿ ಸೂರಿನ ಕೆಳಗೆ ಒಂದು ಅಡಿ ಎತ್ತರದ ಜಾಳಿಗೆಯ ಗಾಳಿಕಿಂಡಿಯನ್ನು ಉದ್ದಕ್ಕೂ ಬಿಡುವದು. ಕಾಯ್ದ ಗಾಳಿಯು ಮೇಲೇರಿ ಅಲ್ಲಿಂದ ಹೊರಬೀಳುವದು. ತಂಪು ಗಾಳಿಯು ಮುಂದಿನಿಂದ ಒಳಬರುವದು. ಕಿಂಡಿಗೆ ಮಳೆ ಬಡಿಯದಂತೆ ಸೂರು 2 ಅಡಿ ಹೊರಚಾಚಿರಲಿ. ಅರ್ಧ ಅಂಗುಲ ಕಣ್ಣಿನ ಜಾಳಿಗೆಯಿಂದ ಮುಂಗುಸಿ, ಕಾಡುಬೆಕ್ಕು, ಹಾವುಗಳ ಉಪದ್ರವವೂ ತಪ್ಪುವದು.

ಮಾಳಿಗೆಗೆ ಮಣ್ಣು ಹೇರುವ ಆಸೆ ಬೇಡ. ಇಷ್ಟು ಚಿಕ್ಕ ಮನೆಯ ಮೇಲೆ ಒಂದು ಅಡಿ ಮಣ್ಣು ಹಾಕಿದರೂ ಭಾರವು ಸುಮಾರು 5 ಟನ್ನಾಗುವದು; ನೆನೆದರೆ ಇನ್ನೂ ಹೆಚ್ಚು. ಹಂಚು ಹೊದಿಸುವದು ಉತ್ತಮ. ತಗಡಿದ್ದರೆ ಬೇಸಿಗೆಯಲ್ಲಿ ಕಣಿಕೆ ಇಲ್ಲವೆ ಕಬ್ಬಿನ ರವದಿಯನ್ನು ದಪ್ಪವಾಗಿ ಹಾಸಿ, ಬೆಂಕಿಯ ಭಯವಿರದಂತೆ ನೋಡಿಕೊಳ್ಳತಕ್ಕದ್ದು.

ಒಳಗಿನ ವ್ಯವಸ್ಥೆ

ಕೋಳಿಗಳು ಇರುಳಲ್ಲಿ ಕೂಡ್ರಲು 12 ಅಡಿ ಉದ್ದದ ಮೂರು ಗಳಗಳು ಸಾಕು. ಐದು ಕೋಳಿಗಳಿಗೊಂದರಂತೆ ತತ್ತಿಯಿಡುವ ಹತ್ತು ಗೂಡುಗಳಿರಲಿ. ನೆಲಕ್ಕೆ ನಾಲ್ಕು ಅಂಗುಲ ಒಣಗಿದ ಭತ್ತದ ಹೊಟ್ಟು ಇಲ್ಲವೆ ಶೇಂಗಾ ಸಿಪ್ಪೆ ಹಾಸಿ ಆಗಾಗ್ಗೆ ತಿರುವುವದು. ಹಾಸನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಗಟ್ಟಿದರೆ ತೇವ ಹೆಚ್ಚಾಗಿದೆಯೆಂದು ತಿಳಿಯುವದು. ಕೋಳಿಯ ಎತ್ತರಕ್ಕೆ ಕುಳಿತಾಗ ಕಣ್ಣು ಉರಿದರೆ ಗಾಳಿ ಸಾಲದೆಂದು ತಿಳಿಯುವದು. ಐವತ್ತು ಕೋಳಿಗಳಿಗೆ ದಿನಕ್ಕೆ 12 ಲೀಟರ್ ನೀರು ಬೇಕು. ಕಡುಬೇಸಿಗೆಯಲ್ಲಿ ಅದರ ಇಮ್ಮಡಿ. ಮನೆ ಎಷ್ಟೇ ತಂಪಾಗಿದ್ದರೂ ರಾಣಿಖೇತ ರೋಗದ ಲಸಿಕೆಯನ್ನು ತಪ್ಪಿಸತಕ್ಕದ್ದಲ್ಲ.

ಊರಿಗೊಂದು ಮಾದರಿ

ಸುಗ್ಗಿಯ ನಂತರ ಕೆಲಸ ಹಿಡಿದರೆ ಬಿಸಿಲು ಬಲಿಯುವದರೊಳಗೆ ಮನೆ ಸಿದ್ಧವಾಗುವದು. ಊರಿನ ಪ್ರಮುಖರು ಮೊದಲು ಒಂದೇ ಮನೆಯನ್ನು ಕಟ್ಟಿಸಿ, ಅದರಲ್ಲೊಂದು, ಹಳೆಯ ಗೂಡಿನಲ್ಲೊಂದು ಶಾಖಮಾಪಕವನ್ನು ತೂಗಹಾಕಿ, ವೈಶಾಖದಲ್ಲಿ ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ಎರಡನ್ನೂ ಬರೆದಿಡಬೇಕು. ಮುಂಗಾರಿನಲ್ಲಿ ಹಾಸು ಒಣಗಿ ಉಳಿಯಿತೋ ಇಲ್ಲವೋ ಎಂಬುದನ್ನೂ ನೋಡಬೇಕು. ಬೇಸಿಗೆ, ಮಳೆಗಾಲ ಎರಡರಲ್ಲಿಯೂ ಆ ಮನೆ ಗೆದ್ದರೆ ಮಾತ್ರ ಉಳಿದವರು ಅದನ್ನು ಅನುಸರಿಸುವದು ಯೋಗ್ಯ.