ಬಂದೂಕು ಸರ್ಕಾರದ್ದು, ನಕ್ಷೆ ಕಂಪನಿಯದು

1996ರಲ್ಲಿ ಅಮೆರಿಕ ನೌಕಾಪಡೆಯ ಕಚೇರಿಯೊಂದರಿಂದ ಒಂದು ಕಡತ ಹಲವು ಖಾಸಗಿ ಕಂಪನಿಗಳ ಕೈಗೆ ಹೋಯಿತು. ಇಂಡಿಯಾನಾ ರಾಜ್ಯದ ಕ್ರೇನ್‌ನಲ್ಲಿರುವ ಆ ಕಚೇರಿಯ ಮಟ್ಟಿಗೆ ಅದು ಖರೀದಿ ವಿಭಾಗದ ಮಾಮೂಲಿ ಕೆಲಸ. ಕಡತದಲ್ಲಿದ್ದದ್ದು ಎಂ4 ಬಂದೂಕನ್ನು ತಯಾರಿಸಲು ಬೇಕಾದ ವಿವರ: ಬಿಡಿಭಾಗಗಳ ನಕ್ಷೆ, ಅಳತೆ, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆಂಬ ಮಿತಿ, ಯಾವ ಲೋಹ, ಅದನ್ನು ಹೇಗೆ ಕಾಯಿಸಿ ಹದ ಮಾಡಬೇಕು ಎಂಬುದೆಲ್ಲ. ಸೇನೆ ಬಳಸುವ ಬಂದೂಕು, ಸೇನೆಯ ಕಪಾಟಿನಲ್ಲೇ ಇದ್ದ ಕಡತ. ಕೊಟ್ಟರೇನು ಎಂದು ಕಳಿಸಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನಕ್ಷೆಗಳ ಮೇಲೆ ಕೋಲ್ಟ್ ಕಂಪನಿಗೆ ಹಕ್ಕಿತ್ತು.

ಇಂದು ಪೆಂಟಗನ್‌ನಲ್ಲಿ ಬೌದ್ಧಿಕ ಆಸ್ತಿ ತಜ್ಞರದ್ದೇ ಒಂದು ಪುಟ್ಟ ತಂಡವಿದೆ. ಯುದ್ಧವಿಮಾನ, ಟ್ಯಾಂಕ್, ತಂತ್ರಾಂಶ ಏನನ್ನೇ ಕೊಳ್ಳುವಾಗಲೂ ವಸ್ತುವಿನ ಜೊತೆಗೆ ಅದರ ಹಿಂದಿನ ತಿಳಿವಳಿಕೆಯನ್ನು ಎಷ್ಟು ಕೊಳ್ಳಬೇಕು, ಅದಕ್ಕೆ ಎಷ್ಟು ಕೊಡಬೇಕು ಎಂದು ಖರೀದಿ ಅಧಿಕಾರಿಗಳಿಗೆ ಹೇಳುವುದು ಅದರ ಕೆಲಸ. ಇಷ್ಟು ಸರಳ ಸಂಗತಿಗೆ ಒಂದು ತಂಡ ಕಟ್ಟಲು ಜಗತ್ತಿನ ಅತಿ ದೊಡ್ಡ ಖರೀದಿದಾರನಿಗೆ ಐದು ದಶಕ ಬೇಕಾಯಿತು.

ಕೋಲ್ಟ್ ಕತೆಯ ಬೇರು ವಿಯೆಟ್ನಾಂ ಯುದ್ಧದಲ್ಲಿದೆ. ಯೂಜೀನ್ ಸ್ಟೋನರ್ ರೂಪಿಸಿದ ಬಂದೂಕಿನ ಹಕ್ಕನ್ನು ಆರ್ಮಲೈಟ್ ಕಂಪನಿಯಿಂದ 1959ರಲ್ಲಿ ಕೋಲ್ಟ್ ಕೊಂಡಿತ್ತು. ಅದೇ ಮುಂದೆ ಎಂ16 ಆಯಿತು. ಯುದ್ಧ ಬೆಳೆದ ಹಾಗೆ ಒಂದೇ ಕಾರ್ಖಾನೆಯಿಂದ ಸೇನೆಯ ಬೇಡಿಕೆ ಪೂರೈಸುವುದು ಕಷ್ಟವಾಗಿ, 1967ರಲ್ಲಿ ಸರ್ಕಾರ ಕೋಲ್ಟ್ ಜೊತೆ ಲೈಸೆನ್ಸ್ ಕರಾರು ಮಾಡಿಕೊಂಡಿತು. 45 ಲಕ್ಷ ಡಾಲರ್ ನಗದು, ಬೇರೆಯವರು ತಯಾರಿಸುವ ಬಂದೂಕುಗಳ ಮೇಲೆ ಶೇ 5.5 ರಾಯಧನ. ಮರುವರ್ಷವೇ ಜನರಲ್ ಮೋಟರ್ಸ್‌ನ ಒಂದು ವಿಭಾಗಕ್ಕೂ ಹ್ಯಾರಿಂಗ್ಟನ್ ಆ್ಯಂಡ್ ರಿಚರ್ಡ್‌ಸನ್ ಕಂಪನಿಗೂ ಎಂ16 ತಯಾರಿಕೆಯ ಗುತ್ತಿಗೆ ಸಿಕ್ಕಿತು. 1988ರ ಹೊತ್ತಿಗೆ ಬೆಲ್ಜಿಯಂ ಮೂಲದ ಎಫ್‌ಎನ್ ಕಂಪನಿ ಕೋಲ್ಟನ್ನು ಸೋಲಿಸಿ ಎಂ16 ಗುತ್ತಿಗೆ ಗೆದ್ದಿತ್ತು. ಸರ್ಕಾರ ಹಕ್ಕಿಗೆಂದು ಕೊಟ್ಟ ಹಣ ವಸೂಲಾಗಿತ್ತು ಎನ್ನಲು ಅಡ್ಡಿಯಿಲ್ಲ.

ಎಂ4 ಅದೇ ವಂಶದ ಗಿಡ್ಡ ಬಂದೂಕು. ಆದರೆ ಅದರ ನಕ್ಷೆಗಳನ್ನು ಯಾರಿಗೆ ಕೊಡಬಹುದು, ಯಾವ ಷರತ್ತಿನ ಮೇಲೆ ಕೊಡಬಹುದು ಎಂಬುದನ್ನು 1967ರ ಕರಾರು ಕಟ್ಟಿಹಾಕಿತ್ತು. ಸಹಿ ಬಿದ್ದು ಸುಮಾರು ಮೂವತ್ತು ವರ್ಷವಾಗಿದ್ದ ಆ ಕಾಗದ ಕ್ರೇನ್‌ನಿಂದ ಕಡತ ಹೊರಟ ದಿನ ಯಾರ ನೆನಪಿಗೂ ಬರಲಿಲ್ಲ. ಕೋಲ್ಟ್ ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ ಆದ ರಾಜಿಯ ಪ್ರಕಾರ 2009ರ ಮಧ್ಯದವರೆಗೆ ಎಂ4ಗೆ ಕೋಲ್ಟ್ ಒಂದೇ ಮಾರಾಟಗಾರ. ಎಫ್‌ಎನ್ ನ್ಯಾಯಾಲಯಕ್ಕೆ ಹೋಯಿತು, 1998ರಲ್ಲಿ ಅಲ್ಲೂ ಸೋತಿತು.

ಆ ಅವಧಿಯಲ್ಲಿ ಏನೇನಾಯಿತು ನೋಡಿ. ಅಫ್ಗಾನಿಸ್ತಾನ ಬಂತು, ಇರಾಕ್ ಬಂತು. ಎಂ4 ಅಮೆರಿಕದ ಸೈನಿಕನ ಮುಖ್ಯ ಆಯುಧವಾಯಿತು. ಎರಡು ಯುದ್ಧಗಳ ಬೇಡಿಕೆ ಒಂದೇ ಅಂಗಡಿಯ ಬಾಗಿಲಲ್ಲಿ ನಿಂತಿತು. ಗಡುವು ಮುಗಿದ ಮೇಲೆ 2012ರಲ್ಲಿ ರೆಮಿಂಗ್ಟನ್ ಕಂಪನಿ ಟೆಂಡರ್ ಗೆದ್ದರೆ, ರಾಯಧನವನ್ನು ಲೆಕ್ಕ ಹಿಡಿದ ರೀತಿಯೇ ಸರಿಯಿಲ್ಲ ಎಂಬ ಕೋಲ್ಟ್ ತಕರಾರಿಗೆ ಅದೂ ಬಿತ್ತು. 1967ರ ಕಾಗದಕ್ಕೆ ಇನ್ನೂ ಜೀವವಿತ್ತು. 2013ರಲ್ಲಿ ಎಫ್‌ಎನ್‌ಗೆ ಗುತ್ತಿಗೆ ಸಿಕ್ಕಾಗ 1,20,000 ಬಂದೂಕುಗಳಿಗೆ ಸುಮಾರು 7.7 ಕೋಟಿ ಡಾಲರ್, ಅಂದರೆ ಒಂದಕ್ಕೆ ಹೆಚ್ಚುಕಡಿಮೆ 640 ಡಾಲರ್.

640 ಡಾಲರ್ ಎಂದಾಗ ಅಮೆರಿಕದವರಿಗೆ ಬೇರೊಂದು ವಸ್ತು ನೆನಪಾಗುತ್ತದೆ. 1980ರ ದಶಕದಲ್ಲಿ ನೌಕಾಪಡೆಯ ಪಿ-3 ವಿಮಾನದ ಶೌಚಾಲಯದ ಮುಚ್ಚಳಕ್ಕೆ ಕೊಟ್ಟ ಬೆಲೆಯೂ ಅಷ್ಟೇ. 435 ಡಾಲರಿನ ಸುತ್ತಿಗೆಯ ಹಗರಣವೂ ಆಗಿನದೇ. ಸುತ್ತಿಗೆಯ ಬೆಲೆಯಲ್ಲಿ ಕಂಪನಿಯ ಇತರ ಖರ್ಚಿನ ಪಾಲೂ ಸೇರಿತ್ತು ಎಂಬ ಸಮಜಾಯಿಷಿ ನಿಜವೇ, ಆದರೆ ಜನ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಿಡಿಭಾಗಗಳ ಬೆಲೆ ಏರಲು ಒಂದು ಕಾರಣ, ನಕ್ಷೆ ಮೂಲ ತಯಾರಕನ ಬಳಿ ಮಾತ್ರ ಇದ್ದದ್ದು. ಇನ್ನೊಬ್ಬನಿಂದ ಮಾಡಿಸೋಣವೆಂದರೆ ಸರ್ಕಾರದ ಕೈಯಲ್ಲಿ ಕಾಗದವಿರಲಿಲ್ಲ.

ಇದರಿಂದ ಹುಟ್ಟಿದ್ದು 1984ರ ಕಾನೂನು. ಮುಂದಿನ ತಿದ್ದುಪಡಿಗಳ ನಂತರ ಅದು ತಳೆದ ರೂಪ ಹೀಗೆ: ಅಭಿವೃದ್ಧಿ ಪೂರ್ತಿ ಸರ್ಕಾರದ ಹಣದಲ್ಲಾಗಿದ್ದರೆ ತಾಂತ್ರಿಕ ಮಾಹಿತಿಯ ಮೇಲೆ ಸರ್ಕಾರಕ್ಕೆ ಮಿತಿಯಿಲ್ಲದ ಹಕ್ಕು. ಪೂರ್ತಿ ಕಂಪನಿಯ ಹಣವಾದರೆ ಸೀಮಿತ ಹಕ್ಕು. ಎರಡೂ ಬೆರೆತಿದ್ದರೆ ಸರ್ಕಾರಿ ಉದ್ದೇಶಕ್ಕೆ ಮಾತ್ರ ಬಳಸುವ ಹಕ್ಕು, ಸಾಮಾನ್ಯವಾಗಿ ಐದು ವರ್ಷದ ಮಟ್ಟಿಗೆ, ಆಮೇಲೆ ಮಿತಿ ಇಲ್ಲ. ಓದಲು ಸುಲಭ. ಆದರೆ ಒಂದು ವಿಮಾನದ ಸಾವಿರಾರು ಭಾಗಗಳಲ್ಲಿ ಯಾವುದು ಯಾರ ಹಣದಲ್ಲಿ ಹುಟ್ಟಿತು? ಕಂಪನಿ ನಕ್ಷೆಯ ಮೂಲೆಯಲ್ಲಿ ‘ಸೀಮಿತ ಹಕ್ಕು’ ಎಂಬ ಮುದ್ರೆ ಒತ್ತಿ ಕಳಿಸುತ್ತದೆ. ಅದು ನ್ಯಾಯವೋ ಅಲ್ಲವೋ ಎಂದು ಪ್ರಶ್ನಿಸಲು ಸರ್ಕಾರಕ್ಕೆ ಕಾಲಮಿತಿ ಇದೆ. ಮೊದಲು ಮೂರು ವರ್ಷ, ಈಗ ಆರು. ಸಾಮಾನ್ಯವಾಗಿ ಅಷ್ಟರಲ್ಲಿ ಕೇಳದಿದ್ದರೆ ಮುದ್ರೆಯೇ ಸತ್ಯ. ನಾವು ಒಂದು ಸೈಟು ಕೊಳ್ಳಬೇಕಾದರೂ ಹಳೇ ಕ್ರಯಪತ್ರಗಳನ್ನು ವಕೀಲರಿಗೆ ತೋರಿಸಿಯೇ ಮುಂಗಡ ಕೊಡುತ್ತೇವೆ. ಪೆಂಟಗನ್‌ನ ಎಷ್ಟೋ ಖರೀದಿಗಳಲ್ಲಿ ಹಾಗೆ ಪತ್ರ ಓದುವವರೇ ಇರಲಿಲ್ಲ.

ಇದ್ದವರೂ ಕಡಿಮೆಯಾದರು. ಶೀತಲ ಸಮರ ಮುಗಿದ ಮೇಲೆ 1990ರ ದಶಕದಲ್ಲಿ ಖರೀದಿ ವಿಭಾಗದ ಸಿಬ್ಬಂದಿಯನ್ನು ಭಾರಿ ಪ್ರಮಾಣದಲ್ಲಿ ಇಳಿಸಲಾಯಿತು. ವ್ಯವಸ್ಥೆಯ ಹೊಣೆಯನ್ನೆಲ್ಲ ಕಂಪನಿಗೇ ಒಪ್ಪಿಸಿದರೆ ಅಗ್ಗ, ಚುರುಕು ಎಂಬುದು ಆಗಿನ ಮಂತ್ರ. ನಕ್ಷೆಗೇಕೆ ದುಡ್ಡು ಸುರಿಯಬೇಕು ಎಂಬ ಧಾಟಿ. ಎಫ್-35 ಯುದ್ಧವಿಮಾನದ ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್‌ಗೆ ಸಿಕ್ಕಿದ್ದು 2001ರಲ್ಲಿ, ಇದೇ ಗಾಳಿ ಬೀಸುತ್ತಿದ್ದಾಗ. 2006ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕತಪಾಸಣಾ ಸಂಸ್ಥೆ ಜಿಎಒ ಎಚ್ಚರಿಸಿತು: ಸಿ-17, ಎಫ್-22, ಸ್ಟ್ರೈಕರ್ ಮುಂತಾದ ಹಲವು ವ್ಯವಸ್ಥೆಗಳಲ್ಲಿ ತಾಂತ್ರಿಕ ಮಾಹಿತಿಯ ಹಕ್ಕಿಲ್ಲದೆ ಸೇನೆ ನಿರ್ವಹಣೆಯಲ್ಲಿ ಕೈಕಟ್ಟಿ ಕುಳಿತಿದೆ. ತಯಾರಾದ ಮೇಲೆ ಹಕ್ಕು ಕೊಡಿ ಎಂದು ಕೇಳಿದರೆ ಕಂಪನಿ ಕೊಡುವುದಿಲ್ಲ, ಕೊಟ್ಟರೆ ಕೇಳಿದ ಬೆಲೆ ತೆರಬೇಕು. ಚೌಕಾಸಿಗೆ ಬಲವಿರುವುದು ಸ್ಪರ್ಧೆ ಜೀವಂತವಿದ್ದಾಗ, ಅಂದರೆ ಸಹಿ ಹಾಕುವ ಮೊದಲು.

ಕೊನೆಗೆ ಡಿಸೆಂಬರ್ 2017ರಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯಲ್ಲಿ ಸಂಸತ್ತು ಸ್ಪಷ್ಟವಾಗಿ ಬರೆಯಿತು: ಬೌದ್ಧಿಕ ಆಸ್ತಿಗೆ ಒಂದು ನೀತಿ ಮಾಡಿ, ತಜ್ಞರ ಪಡೆ ಕಟ್ಟಿ. ಅಕ್ಟೋಬರ್ 2019ರಲ್ಲಿ ನೀತಿ ಬಂತು. ಪಡೆಯೂ ಬಂತು. ಎಷ್ಟು ದೊಡ್ಡದು? 2021ರ ನವೆಂಬರಿನಲ್ಲಿ ಜಿಎಒ ಪರಿಶೀಲಿಸಿದಾಗ ರಕ್ಷಣಾ ಸಚಿವರ ಕಚೇರಿಯ ಮಟ್ಟದಲ್ಲಿದ್ದ ತಂಡ ಐದು ಜನರದ್ದು. ಹಣದ ಖಾತರಿ 2023ರವರೆಗೆ ಮಾತ್ರ. ಬೌದ್ಧಿಕ ಆಸ್ತಿಗೆ ಬೆಲೆ ಕಟ್ಟುವವರ ಮತ್ತು ಹಣಕಾಸು ವಿಶ್ಲೇಷಿಸುವವರ ಕೊರತೆಯನ್ನೂ ಅದು ಎತ್ತಿ ಹೇಳಿತು. ನನ್ನ ಮಟ್ಟಿಗೆ ಇಡೀ ವರದಿಯ ಸಾರ ಇದೇ. ಕಾನೂನು ಬಲ್ಲವರು ಸಿಗುತ್ತಾರೆ, ಎಂಜಿನಿಯರುಗಳೂ ಸಿಗುತ್ತಾರೆ. ಈ ನಕ್ಷೆಗೆ ಮೂವತ್ತು ವರ್ಷದ ನಿರ್ವಹಣೆಯ ಲೆಕ್ಕದಲ್ಲಿ ಇಷ್ಟು ಬೆಲೆ, ಅದಕ್ಕಿಂತ ಹೆಚ್ಚು ಕೊಡಬೇಡಿ ಎನ್ನಬಲ್ಲವರು ಅಪರೂಪ. ಕಂಪನಿಯ ಕಡೆ ಕುಳಿತವರಿಗೆ ಆ ಲೆಕ್ಕ ಬಾಯಿಪಾಠ.

2023ರಲ್ಲಿ ಆಗಿನ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಲ್, ಎಫ್-35ರ ಮಾಹಿತಿ ಹಕ್ಕು ಪಡೆಯದೆ ಹೋದದ್ದು ಗಂಭೀರ ತಪ್ಪು, ಅದರಿಂದ ಕಂಪನಿಗೆ ಶಾಶ್ವತ ಏಕಸ್ವಾಮ್ಯ ಸಿಕ್ಕಂತಾಯಿತು ಎಂದು ಬಹಿರಂಗವಾಗಿ ಹೇಳಿದರು. ಹಿಂದೆ ಪೆಂಟಗನ್ ಖರೀದಿಯ ಮುಖ್ಯಸ್ಥರ ಕುರ್ಚಿಯಲ್ಲಿ ಸ್ವತಃ ಕುಳಿತವರು ಅವರು. ಅವರು ಆ ಕುರ್ಚಿಯಲ್ಲಿದ್ದಾಗ ಅಲ್ಲಿ ತಜ್ಞರ ಪಡೆ ಇರಲಿಲ್ಲ ಎಂಬುದನ್ನೂ ನೆನೆಯಬೇಕು.

ನಮ್ಮಲ್ಲಿ ಕತೆ ತಿರುಗುಮುರುಗು. 1986ರಲ್ಲಿ ಬೋಫೋರ್ಸ್ ಕಂಪನಿಯಿಂದ 410 ಫಿರಂಗಿ ಕೊಂಡಾಗ ತಂತ್ರಜ್ಞಾನ ವರ್ಗಾವಣೆಯೂ ಕರಾರಿನಲ್ಲಿತ್ತು, ನಕ್ಷೆಗಳ ರಾಶಿಯೂ ಬಂತು. ಮರುವರ್ಷ ಲಂಚದ ಹಗರಣ ಸಿಡಿಯಿತು. ಯಾರೂ ಆ ಕಡತ ಮುಟ್ಟುವ ಧೈರ್ಯ ಮಾಡಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಅವೇ ನಕ್ಷೆಗಳನ್ನು ಬಿಚ್ಚಿ, ನಳಿಗೆಯನ್ನು 39 ಕ್ಯಾಲಿಬರಿನಿಂದ 45ಕ್ಕೆ ಉದ್ದ ಮಾಡಿ ಜಬಲ್‌ಪುರದ ಕಾರ್ಖಾನೆಯಲ್ಲಿ ‘ಧನುಷ್’ ತಯಾರಿಸಲಾಯಿತು. ಮೊದಲ ಆರು ಫಿರಂಗಿ ಸೇನೆಗೆ ಸಿಕ್ಕಿದ್ದು ಏಪ್ರಿಲ್ 2019ರಲ್ಲಿ. ಅಲ್ಲಿ ಹಕ್ಕಿಲ್ಲದ ಕಾಗದವನ್ನು ಹಂಚಿದರು, ಇಲ್ಲಿ ಹಕ್ಕಿದ್ದ ಕಾಗದವನ್ನು ಕಪಾಟಿನಲ್ಲಿಟ್ಟರು.

ಧನುಷ್ ಸೇನೆಯ ಕೈಸೇರುವ ಕೆಲವು ತಿಂಗಳ ಮುಂಚೆ, ನವೆಂಬರ್ 2018ರಲ್ಲಿ, ಕರ್ನಾಟಕದಿಂದ ರಾಜ್ಯಸಭಾ ಸದಸ್ಯೆಯಾಗಿದ್ದ ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ‘ಮಿಷನ್ ರಕ್ಷಾ ಜ್ಞಾನ ಶಕ್ತಿ’ಗೆ ಚಾಲನೆ ಕೊಟ್ಟಿದ್ದರು. ರಕ್ಷಣಾ ಕಾರ್ಖಾನೆಗಳಲ್ಲಿ ಪೇಟೆಂಟ್ ಅರ್ಜಿಗಳ ಸಂಸ್ಕೃತಿ ಬೆಳೆಸುವುದು ಅದರ ಗುರಿ. ಒಳ್ಳೆಯದೇ. ಆದರೆ ನಮ್ಮದನ್ನು ನೋಂದಾಯಿಸುವ ವಿದ್ಯೆ ಬೇರೆ, ಪರರದ್ದನ್ನು ಕೊಳ್ಳುವಾಗ ಕರಾರು ಓದುವ ವಿದ್ಯೆ ಬೇರೆ.

ಎರಡನೆಯದರ ಪರೀಕ್ಷೆ ಬೆಂಗಳೂರಿಗೆ ಹೊಸದಲ್ಲ. ನ್ಯಾಟ್, ಜಾಗ್ವಾರ್, ಹಾಕ್ ವಿಮಾನಗಳನ್ನೆಲ್ಲ ಎಚ್‌ಎಎಲ್ ಲೈಸೆನ್ಸಿನ ಮೇಲೆ ಇಲ್ಲೇ ತಯಾರಿಸಿದೆ. ಜೂನ್ 2023ರಲ್ಲಿ ಜಿಇ ಕಂಪನಿಯೊಂದಿಗೆ ಎಫ್414 ಎಂಜಿನ್ ತಯಾರಿಕೆಯ ಒಡಂಬಡಿಕೆ ಆದಾಗ ಶೇ 80 ತಂತ್ರಜ್ಞಾನ ವರ್ಗಾವಣೆ ಎಂಬ ಅಂಕಿ ದೊಡ್ಡ ಸುದ್ದಿಯಾಯಿತು. ಆ 80 ಯಾವುದರ 80? ನಕ್ಷೆ ನೋಡಿ ತಯಾರಿಸುವ ಹಕ್ಕೋ, ಬೇಕಾದಂತೆ ಬದಲಿಸುವ ಹಕ್ಕೂ ಉಂಟೋ, ಕೆಟ್ಟರೆ ನಾವೇ ಬಿಚ್ಚಿ ರಿಪೇರಿ ಮಾಡಬಹುದೋ, ಇನ್ನೊಂದು ಕಾರ್ಖಾನೆಗೆ ಕೊಟ್ಟು ಬಿಡಿಭಾಗ ಮಾಡಿಸಬಹುದೋ? ಪತ್ರಿಕೆಗಳ ತಲೆಬರಹದಲ್ಲಿ ಇಷ್ಟಕ್ಕೆಲ್ಲ ಜಾಗವಿರುವುದಿಲ್ಲ. ಕರಾರಿನ ಅನುಬಂಧಗಳಲ್ಲಿ ಇರುತ್ತದೆ, ಸಹಿಗೆ ಮೊದಲು ಯಾರಾದರೂ ಕೂತು ಬರೆಸಿದ್ದರೆ.